ಕಂಪ್ಯೂಟರ್ ಕೋಣೆಯ ಬಾಗಿಲು ತೆರೆದಿಟ್ಟ ಮೇಷ್ಟ್ರು ಜಾನ್ ಕೆಮೆನಿ

ಕಾಲೇಜು ಶುರುವಾಗುವ ದಿನಗಳಲ್ಲಿ ನಮ್ಮ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬೆಳಗಿನ ಬಸ್ಸು ಹತ್ತಿ ನೋಡಿ. ಹೊಸ ಬ್ಯಾಗು ಹೊತ್ತ ಹುಡುಗ ಹುಡುಗಿಯರೇ ತುಂಬಿರುತ್ತಾರೆ. ಇವರಲ್ಲಿ ಎಂಜಿನಿಯರಿಂಗ್ ಸೇರಿದವರಿಗೆ ಅಣ್ಣಾ ವಿಶ್ವವಿದ್ಯಾಲಯ ತನ್ನ 2017 ಮತ್ತು 2021ರ ಪಠ್ಯಕ್ರಮಗಳಲ್ಲಿ ಮೊದಲ ಸೆಮಿಸ್ಟರಿನಲ್ಲೇ ಪೈಥಾನ್ ಪ್ರೋಗ್ರಾಮಿಂಗ್ ಇಟ್ಟಿತು. ಸಿವಿಲ್ ಆಗಲಿ, ಮೆಕ್ಯಾನಿಕಲ್ ಆಗಲಿ, ಯಾರಿಗೂ ವಿನಾಯಿತಿ ಇರಲಿಲ್ಲ. ಅದಕ್ಕೂ ಹಿಂದೆ ಅದೇ ಜಾಗದಲ್ಲಿ ಸಿ ಭಾಷೆ ಇತ್ತು. ಬಿ.ಎ., ಬಿ.ಕಾಂ. ಓದುವವರನ್ನೂ ಕಂಪ್ಯೂಟರ್ ಬಿಟ್ಟಿಲ್ಲ.

ನಮ್ಮ ಕಡೆಯ ಮಕ್ಕಳ ಕಷ್ಟ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷು. ಈ ಮೂರರ ಮೇಲೆ ನಾಲ್ಕನೆಯದಾಗಿ ಯಂತ್ರದ ಭಾಷೆ. ಇದು ನಮ್ಮಂಥವರಿಗಲ್ಲ, ಗಣಿತದಲ್ಲಿ ನೂರಕ್ಕೆ ನೂರು ತೆಗೆದವರಿಗೆ ಎಂದು ಮೊದಲ ತಿಂಗಳಲ್ಲೇ ಕೈಚೆಲ್ಲುವವರು ಕಡಿಮೆಯೇನಿಲ್ಲ. ಪ್ರೋಗ್ರಾಮಿಂಗ್ ಎಲ್ಲರಿಗೂ ಬರುತ್ತದೆ, ಬರದಿದ್ದರೆ ತಪ್ಪು ಕಲಿಸುವ ರೀತಿಯದು ಎಂದು ನಂಬಿ, ಅದನ್ನು ಮಾಡಿ ತೋರಿಸಿದ ಒಬ್ಬ ಮೇಷ್ಟ್ರಿದ್ದರು. ಹೆಸರು ಜಾನ್ ಕೆಮೆನಿ. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು. ತೀರಿಕೊಂಡು ಮೂವತ್ತು ವರ್ಷ ದಾಟಿತು.

ಅಂದಹಾಗೆ, ಇಂಗ್ಲಿಷು ಅವರ ಮನೆಮಾತಾಗಿರಲಿಲ್ಲ.

ಕೆಮೆನಿ ಹುಟ್ಟಿದ್ದು 1926ರ ಮೇ 31ರಂದು, ಹಂಗೆರಿ ದೇಶದ ಬುಡಾಪೆಸ್ಟ್‌ನಲ್ಲಿ, ಯಹೂದಿ ಮನೆಯಲ್ಲಿ. ತಂದೆ ಟಿಬೋರ್ ಆಮದು ರಫ್ತು ವ್ಯಾಪಾರಿ. 1938ರಲ್ಲಿ ಹಿಟ್ಲರ್ ಪಕ್ಕದ ಆಸ್ಟ್ರಿಯಾವನ್ನು ನುಂಗಿದಾಗಲೇ ತಂದೆಗೆ ಮುಂದಿನದು ಕಾಣಿಸಿತು. ಒಬ್ಬರೇ ಅಮೆರಿಕಕ್ಕೆ ಹೋಗಿ ನೆಲೆ ಮಾಡಿಕೊಂಡು 1940ರಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಅಜ್ಜ ಮಾತ್ರ ಊರು ಬಿಡಲು ಒಪ್ಪಲಿಲ್ಲ. ಆ ಅಜ್ಜ, ಜೊತೆಗೆ ಒಬ್ಬ ಅತ್ತೆ, ಒಬ್ಬ ಮಾವ ಯಹೂದಿಗಳ ನರಮೇಧದಲ್ಲಿ ಸತ್ತರು. ಎರಡು ವರ್ಷ ತಡ ಮಾಡಿದ್ದರೆ ಬೇಸಿಕ್ ಭಾಷೆಯೂ ಇಲ್ಲ, ಈ ಲೇಖನವೂ ಇಲ್ಲ.

ನ್ಯೂಯಾರ್ಕಿಗೆ ಬಂದಿಳಿದಾಗ ಹುಡುಗನಿಗೆ ಹದಿಮೂರು. ಹೈಸ್ಕೂಲಿಗೆ ಸೇರಿಸಿದರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಹುಡುಗನಿಗೆ ಅದು ಇನ್ನೂ ನಾಲಗೆಗೆ ಹೊಂದದ ಮಾತು. ಆದರೂ ಮೂರೇ ವರ್ಷದಲ್ಲಿ, 1943ರಲ್ಲಿ, ಇಡೀ ತರಗತಿಗೆ ಮೊದಲಿಗನಾಗಿ ಹೊರಬಂದ. ಗಣಿತ ಅವನ ಕೈ ಹಿಡಿಯಿತು ಎನ್ನಬೇಕು. ಎರಡಕ್ಕೆರಡು ಕೂಡಿದರೆ ನಾಲ್ಕು ಎನ್ನಲು ಯಾವ ಭಾಷೆಯಾದರೇನು?

ಅಲ್ಲಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ. ಓದು ಮುಗಿಯುವ ಮೊದಲೇ ಸೇನೆಯಿಂದ ಕರೆ ಬಂತು. ಬಂದೂಕು ಹಿಡಿಸಲಿಲ್ಲ, ಲೆಕ್ಕ ಹಾಕಲು ಕೂರಿಸಿದರು. 1945ರಲ್ಲಿ ಅವರನ್ನು ಕಳಿಸಿದ್ದು ಅಣುಬಾಂಬು ತಯಾರಾಗುತ್ತಿದ್ದ ಲಾಸ್ ಅಲಾಮೋಸ್‌ಗೆ. ಅಲ್ಲಿನ ಲೆಕ್ಕದ ವಿಭಾಗ ನೋಡಿಕೊಳ್ಳುತ್ತಿದ್ದವರು ಮುಂದೆ ನೊಬೆಲ್ ಪಡೆದ ರಿಚರ್ಡ್ ಫೈನ್‌ಮನ್. ಇಂದಿನ ಅರ್ಥದ ಕಂಪ್ಯೂಟರ್ ಅಲ್ಲಿ ಇರಲಿಲ್ಲ. ಲೆಕ್ಕಪತ್ರಕ್ಕಾಗಿ ಮಾಡಿದ ಐಬಿಎಂ ಯಂತ್ರಗಳು, ತೂತು ಹೊಡೆದ ರಟ್ಟಿನ ಕಾರ್ಡುಗಳು. ಇಪ್ಪತ್ತರಷ್ಟು ಜನ ಪಾಳಿಯ ಮೇಲೆ ಹಗಲೂ ರಾತ್ರಿ ಆ ಕಾರ್ಡುಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೊತ್ತು ಹಾಕಬೇಕು. ಒಂದು ಸಮೀಕರಣ ಬಿಡಿಸಲು ಎರಡು ಮೂರು ವಾರ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಶಿಫ್ಟ್ ಮಾಡಿದವರಿಗೆ ಈ ಚಿತ್ರ ಕಣ್ಣಿಗೆ ಕಟ್ಟೀತು. ನೂಲಿನ ಜಾಗದಲ್ಲಿ ಅಂಕಿ, ಅಷ್ಟೇ ವ್ಯತ್ಯಾಸ.

ಅಲ್ಲಿಯೇ ಜಾನ್ ವಾನ್ ನ್ಯೂಮನ್ ಅವರ ಉಪನ್ಯಾಸವೊಂದನ್ನು ಕೆಮೆನಿ ಕೇಳಿದರು. ಅವರೂ ಬುಡಾಪೆಸ್ಟಿನವರೇ. ಸೂಚನೆಗಳನ್ನೂ ತನ್ನೊಳಗೇ ಇಟ್ಟುಕೊಂಡು ತಾನೇ ಓಡುವ ಯಂತ್ರ ಹೇಗಿರುತ್ತದೆ ಎಂಬ ವಿವರಣೆ ಅದರಲ್ಲಿತ್ತು. ಆ ಕನಸು ತಲೆಯಲ್ಲಿ ಕೂತುಬಿಟ್ಟಿತು.

ಯುದ್ಧ ಮುಗಿದ ಮೇಲೆ ಪ್ರಿನ್ಸ್‌ಟನ್‌ಗೆ ಮರಳಿ ಪದವಿ ಮುಗಿಸಿದರು. ಇಪ್ಪತ್ತಮೂರನೆಯ ವಯಸ್ಸಿಗೆ, 1949ರಲ್ಲಿ, ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರ ಕೈಕೆಳಗೆ ಡಾಕ್ಟರೇಟ್. ಕೊನೆಯ ವರ್ಷ ಮಾಡಿದ ಕೆಲಸ ಏನು ಗೊತ್ತೇ? ಆಲ್ಬರ್ಟ್ ಐನ್‌ಸ್ಟೀನ್ ಅವರಿಗೆ ಗಣಿತದ ಸಹಾಯಕ!

ಇಷ್ಟೆಲ್ಲ ಇದ್ದವರು ದೊಡ್ಡ ವಿಶ್ವವಿದ್ಯಾಲಯದಲ್ಲಿ ಕುಳಿತು ಸಂಶೋಧನೆ ಮಾಡಿಕೊಂಡು ಹಾಯಾಗಿ ಇರಬಹುದಿತ್ತು. 1953ರಲ್ಲಿ ಡಾರ್ಟ್‌ಮತ್ ಕಾಲೇಜು ಅವರನ್ನು ಕರೆಯಿತು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹ್ಯಾನೋವರ್ ಎಂಬ ಸಣ್ಣ ಊರಿನಲ್ಲಿರುವ ಹಳೆಯ ಕಾಲೇಜು ಅದು. ಹೆಸರಿಗೆ ಕಾಲೇಜು, ದರ್ಜೆಯಲ್ಲಿ ವಿಶ್ವವಿದ್ಯಾಲಯವೇ. ಎರಡೇ ವರ್ಷದಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಓದುತ್ತಿದ್ದವರಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಹಿಡಿದವರು ಕಾಲು ಭಾಗ ಮಾತ್ರ. ಉಳಿದವರೆಲ್ಲ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರ, ರಾಜಕೀಯ ಓದುವವರು. ಕೆಮೆನಿಯ ತಲೆಯಲ್ಲಿ ಕೊರೆಯುತ್ತಿದ್ದುದು ಈ ಮುಕ್ಕಾಲು ಭಾಗದ ಚಿಂತೆ. ಇವರೇ ನಾಳೆ ಕಂಪನಿ ನಡೆಸುವವರು, ಕಾನೂನು ಮಾಡುವವರು. ಕಂಪ್ಯೂಟರ್ ಅಂದರೆ ಏನೆಂದೇ ಗೊತ್ತಿಲ್ಲದೆ ಅದರ ಬಗ್ಗೆ ತೀರ್ಮಾನ ತೆಗೆದುಕೊಂಡರೆ ಗತಿಯೇನು? ಪುಸ್ತಕ ಓದಿಸಿದರೆ, ಭಾಷಣ ಕೇಳಿಸಿದರೆ ಸಾಲದು, ಪ್ರತಿಯೊಬ್ಬನೂ ತಾನೇ ಕೈಯಾರೆ ಪ್ರೋಗ್ರಾಂ ಬರೆಯಬೇಕು ಎಂಬುದು ಅವರ ಹಠ. ಆ ಕಾಲಕ್ಕೆ ಇದು ಹುಚ್ಚು ಮಾತು.

ಏಕೆ ಹುಚ್ಚು? ಆಗ ಪ್ರೋಗ್ರಾಂ ಬರೆಯುವುದೆಂದರೆ ಕಾರ್ಡುಗಳಿಗೆ ತೂತು ಹೊಡೆಸಿ, ಕಟ್ಟು ಕಟ್ಟಿ, ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೊಟ್ಟು ಬರುವುದು. ಫಲಿತಾಂಶ ಸಿಗುವುದು ಮಾರನೆಯ ದಿನವೋ ಅದರ ಮಾರನೆಯ ದಿನವೋ. ಒಂದು ಅಲ್ಪವಿರಾಮ ತಪ್ಪಿದ್ದರೂ ಕಟ್ಟು ವಾಪಸ್. ತಿದ್ದಿ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಡಾರ್ಟ್‌ಮತ್‌ನಲ್ಲಂತೂ ಮೊದಮೊದಲು ಯಂತ್ರವೇ ಇರಲಿಲ್ಲ. ಕೆಮೆನಿಯ ಜೊತೆಗಾರ ಥಾಮಸ್ ಕರ್ಟ್ಜ್ ಕಾರ್ಡು ತುಂಬಿದ ಪೆಟ್ಟಿಗೆ ಹಿಡಿದು ರೈಲು ಹತ್ತಿ, ಸುಮಾರು ಇನ್ನೂರು ಕಿಲೋಮೀಟರ್ ದೂರದ ಎಂಐಟಿಗೆ ಹೋಗಿಬರುತ್ತಿದ್ದರು. 1959ರಲ್ಲಿ ಒಂದು ಸಣ್ಣ ಯಂತ್ರ ಬಂತು. ಅದರಲ್ಲಿ ಪದವಿ ಓದುವ ಹುಡುಗರು ಮಾಡಿದ ಕೆಲಸ ನೋಡಿ ಇಬ್ಬರಿಗೂ ಧೈರ್ಯ ಹುಟ್ಟಿತು.

ಆಗಿನ ಹೆಸರಾಂತ ಭಾಷೆ ಫೋರ್ಟ್ರಾನ್. ಅದು ವಿಜ್ಞಾನಿಗಳಿಗೆಂದು ಹುಟ್ಟಿದ್ದು. ಪೂರ್ಣಾಂಕ ಬೇರೆ, ದಶಮಾಂಶ ಬೇರೆ. ಯಾವ ಅಕ್ಷರದಿಂದ ಹೆಸರು ಶುರುವಾದರೆ ಅದು ಪೂರ್ಣಾಂಕ ಎಂದು ನೆನಪಿಡಬೇಕು. ಉತ್ತರ ಅಚ್ಚಾಗಬೇಕಾದರೆ ಎಷ್ಟು ಮನೆ ಬಿಡಬೇಕು ಎಂದೂ ಮೊದಲೇ ಬರೆದಿಡಬೇಕು. ಇತಿಹಾಸ ಓದುವ ಹುಡುಗ ಇಷ್ಟಕ್ಕೇ ಎದ್ದು ಹೋಗುತ್ತಾನೆ. ಕೆಮೆನಿ, ಕರ್ಟ್ಜ್ ಇಬ್ಬರೂ ಕೂತು ಈ ಮುಳ್ಳುಗಳನ್ನು ಒಂದೊಂದಾಗಿ ಕಿತ್ತರು. ಸಂಖ್ಯೆ ಅಂದರೆ ಸಂಖ್ಯೆ, ಅದರಲ್ಲಿ ಜಾತಿಭೇದ ಬೇಡ. ಅಚ್ಚು ಹೇಗಿರಬೇಕೆಂಬ ಚಿಂತೆ ಯಂತ್ರಕ್ಕಿರಲಿ. ಸಾಲಿಗೆ ಒಂದೇ ಆಜ್ಞೆ, ಆಜ್ಞೆಗೆ ಮನೆಯಲ್ಲಿ ಆಡುವಂಥ ಒಂದು ಪದ.

ಹೇಗಿತ್ತೆಂದು ನೀವೂ ನೋಡಿ. 240 ಪೀಸು ಹೊಲಿದವರಿಗೆ ಪೀಸಿಗೆ 3 ರೂಪಾಯಿಯಂತೆ ಎಷ್ಟು ಕೂಲಿ ಎಂಬ ಲೆಕ್ಕ ಬೇಸಿಕ್‌ನಲ್ಲಿ ಹೀಗಿರುತ್ತದೆ:

10 ಲೆಟ್ ಪಿ = 240
20 ಲೆಟ್ ಆರ್ = 3
30 ಪ್ರಿಂಟ್ ಪಿ * ಆರ್
40 ಎಂಡ್

ಕೆಳಗೆ ರನ್ ಎಂದು ಹೊಡೆದರೆ 720 ಎಂದು ಅಚ್ಚಾಗುತ್ತದೆ. ಮುಗಿಯಿತು. ಸಾಲುಗಳಿಗೆ 1, 2, 3 ಅನ್ನದೆ 10, 20, 30 ಎಂದು ಏಕೆ ಸಂಖ್ಯೆ ಹಾಕುತ್ತಾರೆ? ನಡುವೆ ಇನ್ನೊಂದು ಸಾಲು ಸೇರಿಸಬೇಕಾದರೆ 25 ಎಂದು ಬರೆದರಾಯಿತು, ಯಂತ್ರವೇ ಅದನ್ನು ತನ್ನ ಜಾಗದಲ್ಲಿ ಕೂರಿಸಿಕೊಳ್ಳುತ್ತದೆ. ಯಂತ್ರಕ್ಕೆ ಪ್ರವೇಶ ಪಡೆಯಲು ಹೊಡೆಯಬೇಕಾದ ಪದ ಹಲೋ, ಹೊರಡುವಾಗ ಗುಡ್‌ಬೈ. ಕಚೇರಿಯ ಗತ್ತಿನ ಪದಗಳನ್ನು ಬೇಕೆಂದೇ ದೂರವಿಟ್ಟಿದ್ದರು.

ಆದರೆ ನನ್ನ ಮಟ್ಟಿಗೆ ದೊಡ್ಡ ಸಾಧನೆ ಭಾಷೆಯದಲ್ಲ, ಕಾಯುವುದನ್ನು ತಪ್ಪಿಸಿದ್ದು. ಮದುವೆ ಮನೆಯ ಊಟ ನೆನೆಸಿಕೊಳ್ಳಿ. ಒಬ್ಬನನ್ನೇ ಕೂರಿಸಿ, ಉಪ್ಪಿನಿಂದ ಮಜ್ಜಿಗೆಯವರೆಗೆ ಬಡಿಸಿ, ಅವನು ಕೈತೊಳೆದ ಮೇಲೆ ಇನ್ನೊಬ್ಬನನ್ನು ಒಳಗೆ ಬಿಟ್ಟರೆ? ಹಳೆಯ ಕಂಪ್ಯೂಟರ್ ಹಾಗೇ ಇತ್ತು. ಬಡಿಸುವವನು ಒಬ್ಬನೇ ಇದ್ದರೂ ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಿ, ಎಲೆಯಿಂದ ಎಲೆಗೆ ಒಂದೊಂದು ಸೌಟು ಹಾಕುತ್ತ ಓಡಿದರೆ ಯಾರಿಗೂ ಕಾದ ಹಾಗೆ ಅನಿಸುವುದಿಲ್ಲ. ಯಂತ್ರದ ಸಮಯವನ್ನು ಚೂರು ಚೂರು ಮಾಡಿ ಹತ್ತಾರು ಜನರಿಗೆ ಹಂಚುವ ಈ ಏರ್ಪಾಟಿಗೆ ಟೈಮ್ ಶೇರಿಂಗ್ ಎಂದು ಹೆಸರು. ಅದನ್ನು ಎಲ್ಲ ವಿದ್ಯಾರ್ಥಿಗಳಿಗೂ ತೆರೆದಿಡಬೇಕು ಎಂದು ಪಟ್ಟು ಹಿಡಿದವರು ಕರ್ಟ್ಜ್, ಹೂಂ ಎಂದವರು ಕೆಮೆನಿ.

ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಬಂತು. 1964ರ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು ಬಂದವು. ಟೈಮ್ ಶೇರಿಂಗ್ ಏರ್ಪಾಟನ್ನು ಬರೆದವರು ದೊಡ್ಡ ಎಂಜಿನಿಯರುಗಳಲ್ಲ, ಪದವಿ ಓದುತ್ತಿದ್ದ ಹುಡುಗರು. ಬೇಸಿಕ್ ಭಾಷೆಯನ್ನು ಯಂತ್ರಕ್ಕೆ ಅರ್ಥ ಮಾಡಿಸುವ ಕಂಪೈಲರ್ ಎಂಬ ತಂತ್ರಾಂಶದ ಮೊದಲ ರೂಪವನ್ನು ಬರೆದವರು ಸ್ವತಃ ಕೆಮೆನಿ. 1964ರ ಮೇ 1, ಬೆಳಗಿನ ಜಾವ ನಾಲ್ಕು ಗಂಟೆ. ಎರಡು ಟೆಲಿಟೈಪ್‌ಗಳಲ್ಲಿ ಏಕಕಾಲಕ್ಕೆ ಎರಡು ಬೇಸಿಕ್ ಪ್ರೋಗ್ರಾಂ ಓಡಿಸಿದರು. ಎರಡಕ್ಕೂ ಉತ್ತರ ಸರಿಯಾಗಿ ಬಂತು.

ಆ ವರ್ಷದ ಕೊನೆಯ ಹೊತ್ತಿಗೆ ಹೊಸ ವಿದ್ಯಾರ್ಥಿಗಳು ನೂರಾರು ಸಂಖ್ಯೆಯಲ್ಲಿ ಟೆಲಿಟೈಪ್ ಮುಂದೆ ಕೂತಿದ್ದರು. ಕಂಪ್ಯೂಟರ್ ವಿಜ್ಞಾನ ಎಂದು ಬೇರೆ ಕೋರ್ಸೇನೂ ಇಡಲಿಲ್ಲ, ಮೊದಲ ವರ್ಷದ ಗಣಿತದೊಳಗೇ ಸೇರಿಸಿದರು. ಕೆಲವೇ ಕೆಲವು ಉಪನ್ಯಾಸ, ಉಳಿದಿದ್ದೆಲ್ಲ ಯಂತ್ರದ ಮುಂದೆ. ಕೊಟ್ಟ ಲೆಕ್ಕಗಳಿಗೆ ಪ್ರೋಗ್ರಾಂ ಬರೆದು ಓಡಿಸಬೇಕು. ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪು ಎಂದು ಯಂತ್ರವೇ ಸೆಕೆಂಡುಗಳಲ್ಲಿ ಹೇಳುತ್ತದೆ. ಮೇಷ್ಟ್ರ ಮುಂದೆ, ಗೆಳೆಯರ ಮುಂದೆ ನಾಚಿಕೆಪಡುವ ಮಾತೇ ಇಲ್ಲ. ಹತ್ತು ಸಲ ತಪ್ಪು ಮಾಡಿ, ಹನ್ನೊಂದನೆಯ ಸಲ ಸರಿ ಮಾಡಿದರೂ ಸರಿಯೇ. ನಮ್ಮ ಹುಡುಗರು ಲ್ಯಾಬ್ ರೆಕಾರ್ಡ್‌ನಲ್ಲಿ ಪ್ರೋಗ್ರಾಂಗಳನ್ನು ಅಂದವಾಗಿ ಕಾಪಿ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಈ ಹನ್ನೊಂದನೆಯ ಸಲದ ನೆನಪಾಗುತ್ತದೆ. ಕಾಪಿ ಮಾಡಿದ ಪ್ರೋಗ್ರಾಂನಲ್ಲಿ ತಪ್ಪೇ ಇರುವುದಿಲ್ಲವಲ್ಲ, ಕಲಿಯುವುದು ಎಲ್ಲಿಂದ?

ಕಂಪ್ಯೂಟರನ್ನು ಗ್ರಂಥಾಲಯದ ಹಾಗೆ ನಡೆಸಬೇಕು ಎಂಬುದು ಕೆಮೆನಿಯ ನಿಲುವು. ಕಪಾಟಿನ ಪುಸ್ತಕ ಮುಟ್ಟಲು ಯಾರೂ ಕಾರಣ ಕೇಳುವುದಿಲ್ಲ, ಕಾಸು ಕೇಳುವುದಿಲ್ಲ. ಇಲ್ಲೂ ಹಾಗೆಯೇ. ಆಟವಾಡಲು ಬಂದರೂ ಬರಲಿ, ಹೆದರಿಕೆ ಹೋಗುತ್ತದೆ. ನಾನು ಬಿ.ಎ. ಓದಿದ ಕಾಲದಲ್ಲಿ ಕಂಪ್ಯೂಟರ್ ಇದ್ದ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು, ಆರ್ಟ್ಸ್ ವಿದ್ಯಾರ್ಥಿಗಳು ಕಿಟಕಿಯ ಗಾಜಿನಿಂದ ನೋಡಬಹುದಿತ್ತು. ಇರಲಿ.

ಕೆಲವೇ ವರ್ಷಗಳಲ್ಲಿ ಡಾರ್ಟ್‌ಮತ್‌ನ ಹತ್ತು ವಿದ್ಯಾರ್ಥಿಗಳಲ್ಲಿ ಎಂಟು ಮಂದಿಗೆ ಪ್ರೋಗ್ರಾಂ ಬರೆಯಲು ಬರುತ್ತಿತ್ತು. ಲಾಸ್ ಅಲಾಮೋಸ್‌ನಲ್ಲಿ ತಾವು ಇಪ್ಪತ್ತು ಜನ ಒಂದು ವರ್ಷ ಬೆವರು ಸುರಿಸಿ ಮಾಡಿದ ಲೆಕ್ಕವನ್ನು ಪದವಿ ಓದುವ ಹುಡುಗನೊಬ್ಬ ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲ ಎಂದು ಕೆಮೆನಿ 1972ರ ತಮ್ಮ ಪುಸ್ತಕದಲ್ಲಿ ಬರೆದರು.

ಅದೇ ಹೊತ್ತಿನಲ್ಲಿ ನಮ್ಮ ದೇಶದಲ್ಲಿ ಏನಾಗುತ್ತಿತ್ತು? 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಯಂತ್ರ ಬಂತು. ಅಲ್ಲಿ ಫೋರ್ಟ್ರಾನ್ ಕಲಿಸಲು ನಿಂತವರಲ್ಲಿ ಮುಖ್ಯರಾದ ವಿ. ರಾಜಾರಾಮನ್ ನಮ್ಮ ಕಡೆಯವರೇ. 1933ರಲ್ಲಿ ಈರೋಡಿನಲ್ಲಿ ಹುಟ್ಟಿದವರು. ಈರೋಡು ಆಗ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು, ಬೇರೆಯಾದದ್ದು 1979ರಲ್ಲಿ. ಐಐಟಿ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ದೇಶದ ನಾನಾ ಕಡೆಯ ಅಧ್ಯಾಪಕರನ್ನು, ವಿಜ್ಞಾನಿಗಳನ್ನು ಕರೆಸಿ ಹತ್ತು ದಿನಗಳ ತರಬೇತಿ ಕೊಟ್ಟರು. 1969ರಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಕಡಿಮೆ ಬೆಲೆಯ ಪಠ್ಯಪುಸ್ತಕ ಬರೆದರು. ಊರೂರಿನ ಕಾಲೇಜು ಹುಡುಗರ ಕೈಗೆ ಕಂಪ್ಯೂಟರ್ ಸಿಗದಿದ್ದರೂ ಆ ಪುಸ್ತಕ ಸಿಕ್ಕಿತು. 1982ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅವರು 2025ರ ನವೆಂಬರಿನಲ್ಲಿ ತೀರಿಕೊಂಡರು. ಒಬ್ಬರು ಯಂತ್ರವನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು, ಇನ್ನೊಬ್ಬರು ಬಡ ದೇಶದಲ್ಲಿ ಪುಸ್ತಕವನ್ನಾದರೂ ಅಗ್ಗ ಮಾಡಿದರು.

ಬೇಸಿಕ್ ಬೇಗ ಹಬ್ಬಲು ಇನ್ನೊಂದು ಕಾರಣವಿತ್ತು. ಕೆಮೆನಿ, ಕರ್ಟ್ಜ್ ಅದನ್ನು ತಮ್ಮ ಆಸ್ತಿ ಎಂದು ಕಟ್ಟಿಕೊಂಡು ಕೂರಲಿಲ್ಲ. ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಬಿಟ್ಟರು. ಸಿಯಾಟಲ್‌ನ ಶಾಲೆಯೊಂದರಲ್ಲಿ 1968ರಲ್ಲಿ ಟೆಲಿಟೈಪ್ ಮೇಲೆ ಬೇಸಿಕ್ ಕಲಿತ ಬಿಲ್ ಗೇಟ್ಸ್, 1975ರಲ್ಲಿ ಗೆಳೆಯ ಪಾಲ್ ಅಲೆನ್ ಜೊತೆ ಸೇರಿ ಸಣ್ಣ ಕಂಪ್ಯೂಟರಿಗೆ ಅದೇ ಭಾಷೆಯನ್ನು ಹೊಂದಿಸಿ ಮಾರಿದ್ದೇ ಮೈಕ್ರೋಸಾಫ್ಟ್‌ನ ಮೊದಲ ಬೋಣಿ. ಭಾಷೆ ಹುಟ್ಟಿಸಿದವರಿಗೆ ಅದರಿಂದ ಕೋಟಿ ಬರಲಿಲ್ಲ. ನಮ್ಮಲ್ಲಿ 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಾಗ ಅದರಲ್ಲೂ ಬಂದದ್ದು ಬೇಸಿಕ್. ಇಂದು ನಲವತ್ತು ಐವತ್ತು ದಾಟಿದ ಎಷ್ಟೋ ಭಾರತೀಯ ಎಂಜಿನಿಯರುಗಳು ಮೊದಲು ಹೊಡೆದ ಪದ ಪ್ರಿಂಟ್ ಆಗಿದ್ದರೆ ಅದರ ಬೇರು ಡಾರ್ಟ್‌ಮತ್‌ನಲ್ಲಿದೆ.

ಬೈದವರೂ ಇದ್ದರು. ಹಾಲೆಂಡಿನ ಮಹಾ ವಿದ್ವಾಂಸ ಡೈಕ್‌ಸ್ಟ್ರಾ 1975ರಲ್ಲಿ, ಬೇಸಿಕ್ ಕಲಿತ ತಲೆಗೆ ಆಮೇಲೆ ಒಳ್ಳೆಯ ಪ್ರೋಗ್ರಾಮಿಂಗ್ ಕಲಿಸುವುದೇ ಅಸಾಧ್ಯ ಎಂಬರ್ಥದಲ್ಲಿ ಖಾರವಾಗಿ ಬರೆದರು. ಅವರ ಸಿಟ್ಟಿಗೆ ಕಾರಣವಿತ್ತು. ಬೇಸಿಕ್‌ನಲ್ಲಿ ಗೋಟು ಎಂಬ ಆಜ್ಞೆ ಇದೆ. ಇಷ್ಟನೆಯ ಸಾಲಿಗೆ ಹಾರು ಎಂದು ಅದರ ಅರ್ಥ. ಹತ್ತು ಸಾಲಿನಲ್ಲಿ ಅನುಕೂಲವೇ, ಸಾವಿರ ಸಾಲಾದಾಗ ಸಿಕ್ಕು ಬಿದ್ದ ನೂಲಿನ ಉಂಡೆ. ಕೆಮೆನಿಯೂ ಇದನ್ನು ಅರಿತಿದ್ದರು. ಡಾರ್ಟ್‌ಮತ್‌ನ ಬೇಸಿಕ್ ತಿದ್ದಿಕೊಳ್ಳುತ್ತ ಹೋಯಿತು. ಪೇಟೆಯ ಕಂಪನಿಗಳು ಹಳೆಯದನ್ನೇ ಕತ್ತರಿಸಿ ಮಾರುತ್ತಿವೆ ಎಂದು ನೊಂದುಕೊಂಡು 1983ರಲ್ಲಿ ಇಬ್ಬರೂ ತಿದ್ದಿದ ಭಾಷೆಗಾಗಿ ತಾವೇ ಕಂಪನಿ ತೆರೆದರು. ಅಷ್ಟರಲ್ಲಿ ತಡವಾಗಿತ್ತು. ನನ್ನನ್ನು ಕೇಳಿದರೆ, ಈಜು ಕಲಿಯುವವನನ್ನು ಮೊದಲು ನೀರಿಗೆ ಇಳಿಸಬೇಕು, ಕೈ ಬೀಸುವ ಚಂದ ಆಮೇಲೆ. ಆದರೆ ಡೈಕ್‌ಸ್ಟ್ರಾ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗದು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಮನೆಮಾತಿನ ಪದ ಎಂದೆನಲ್ಲ, ಅದು ಅಮೆರಿಕನ್ನರ ಮನೆಮಾತು. ಲೆಟ್, ಪ್ರಿಂಟ್, ಇಫ್ ಎಲ್ಲ ಅಲ್ಲಿನ ಮಗುವಿಗೂ ಗೊತ್ತು. ಅನ್ನೂರು, ಅವಿನಾಶಿ ಕಡೆಯ ಹುಡುಗಿಗೆ ಅವು ಮೊದಲು ಇಂಗ್ಲಿಷ್ ಪದ, ಆಮೇಲೆ ಯಂತ್ರದ ಆಜ್ಞೆ. ಎರಡು ಮೆಟ್ಟಿಲು. ಪೈಥಾನ್‌ನಲ್ಲೂ ಹಾಗೆಯೇ. ಸಮಾಧಾನವೆಂದರೆ ಅಂಥ ಪದಗಳು ಇರುವುದೇ ಮೂವತ್ತು ನಲವತ್ತು. ಮೂರು ಭಾಷೆಯಲ್ಲಿ ಸಂತೆ ಮಾಡುವ ನಮ್ಮವರಿಗೆ ಮೂವತ್ತು ಪದ ಒಂದು ಭಾರವೇ? ಆ ಪದಗಳ ಅರ್ಥವನ್ನು ಕನ್ನಡದಲ್ಲೋ ತಮಿಳಿನಲ್ಲೋ ಒಮ್ಮೆ ಬಿಡಿಸಿ ಹೇಳುವ ಮೇಷ್ಟ್ರು ಬೇಕು, ಅಷ್ಟೇ.

1970ರಲ್ಲಿ ಕೆಮೆನಿ ಡಾರ್ಟ್‌ಮತ್‌ನ ಅಧ್ಯಕ್ಷರಾದರು, ನಮ್ಮ ಲೆಕ್ಕದಲ್ಲಿ ಕುಲಪತಿ ಇದ್ದ ಹಾಗೆ. ಬೇಸಿಕ್ ಹುಟ್ಟಿದಾಗ ಆ ಕಾಲೇಜಿನಲ್ಲಿ ಓದುತ್ತಿದ್ದವರೆಲ್ಲ ಗಂಡುಹುಡುಗರು. ಎಲ್ಲರಿಗೂ ಕಂಪ್ಯೂಟರ್ ಎಂದಾಗ ಆ ಎಲ್ಲರಲ್ಲಿ ಹೆಣ್ಣುಮಕ್ಕಳು ಇರಲಿಲ್ಲ! 1972ರಲ್ಲಿ, ಹಳೆಯ ವಿದ್ಯಾರ್ಥಿಗಳ ವಿರೋಧದ ನಡುವೆ, ಕೆಮೆನಿ ಆ ಬಾಗಿಲನ್ನೂ ತೆರೆದರು. ಸೀಟು ಕಡಿಮೆಯಾಗದಿರಲೆಂದು ವರ್ಷವಿಡೀ ಪಾಳಿಯಲ್ಲಿ ಕಾಲೇಜು ನಡೆಸುವ ಲೆಕ್ಕ ಹಾಕಿದರು. 1769ರಲ್ಲಿ ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗೂ ವಿದ್ಯೆ ಕೊಡುವ ಮಾತಿನ ಮೇಲೆ ಹುಟ್ಟಿದ ಕಾಲೇಜು ಅದು. ಇನ್ನೂರು ವರ್ಷದಲ್ಲಿ ಅಲ್ಲಿ ಪದವಿ ಪಡೆದ ಅಂಥವರು ಇಪ್ಪತ್ತಕ್ಕಿಂತ ಕಡಿಮೆ. ಆ ಮಾತನ್ನು ಮತ್ತೆ ಎತ್ತಿಕೊಂಡು ಅವರನ್ನು ಹುಡುಕಿ ಕರೆತರುವ ಕೆಲಸ ಶುರು ಮಾಡಿದವರೂ ಇವರೇ. ಅಧ್ಯಕ್ಷಗಿರಿಯ ನಡುವೆಯೂ ವರ್ಷಕ್ಕೆ ಎರಡು ಕೋರ್ಸು ಪಾಠ ಮಾಡುವುದನ್ನು ಬಿಡಲಿಲ್ಲ.

1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತವಾದಾಗ ಅಧ್ಯಕ್ಷ ಕಾರ್ಟರ್ ತನಿಖಾ ಆಯೋಗದ ಹೊಣೆಯನ್ನು ಕೆಮೆನಿಗೆ ವಹಿಸಿದರು. ಅದೇ ಅಕ್ಟೋಬರ್ ಕೊನೆಗೆ ವರದಿ ಬಂತು. ತಪ್ಪು ಯಂತ್ರದ್ದಕ್ಕಿಂತ ಹೆಚ್ಚಾಗಿ ಮನುಷ್ಯರದು ಎಂದಿತು ವರದಿ. ಒಂದು ಕವಾಟ ಮುಚ್ಚಿಕೊಳ್ಳದೆ ನಿಂತಿತ್ತು, ನಿಯಂತ್ರಣ ಕೋಣೆಯಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆ ದೀಪ, ಗಂಟೆಗಳು ಒಮ್ಮೆಲೇ ಬಡಿದುಕೊಂಡವು. ಯಾವುದು ಮುಖ್ಯ ಎಂದು ತಿಳಿಯುವ ತರಬೇತಿ ಅಲ್ಲಿದ್ದವರಿಗೆ ಸಿಕ್ಕಿರಲಿಲ್ಲ.

1981ರಲ್ಲಿ ಅಧ್ಯಕ್ಷ ಪದವಿ ಬಿಟ್ಟು ಮತ್ತೆ ಮೇಷ್ಟ್ರ ಕುರ್ಚಿಗೆ ಮರಳಿದರು. 1992ರ ಡಿಸೆಂಬರ್ 26ರಂದು ಹೃದಯದ ತೊಂದರೆಯಿಂದ ತೀರಿಕೊಂಡರು. ವಯಸ್ಸು ಅರವತ್ತಾರು. ಜೊತೆಗಾರ ಕರ್ಟ್ಜ್ 2024ರ ನವೆಂಬರ್‌ವರೆಗೂ ಬಾಳಿದರು. 2019ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸರ್ಕಾರ ಹ್ಯಾನೋವರ್ ಹತ್ತಿರದ ಹೆದ್ದಾರಿ ಬದಿಯಲ್ಲಿ ಒಂದು ಫಲಕ ನಿಲ್ಲಿಸಿತು. ಕೋಟೆ, ಸೇತುವೆ, ಸೇನಾಪತಿಗಳಿಗೆ ನಿಲ್ಲಿಸುವಂಥದೇ ಫಲಕ. ಅದರ ಮೇಲಿರುವುದು ಬೇಸಿಕ್ ಭಾಷೆಯ ಹೆಸರು.